ಗೋಡೆಗಳು ಉಳಿಸಿದ ಊರು

ಕೆನಡಾ ದೇಶದ ಪಶ್ಚಿಮದಂಚಿನ ವ್ಯಾಂಕೂವರ್ ದ್ವೀಪದಲ್ಲಿ ಶಮೇನಸ್ ಎಂಬ ಚಿಕ್ಕದೊಂದು ಊರಿದೆ. ೧೮೬೨ರಲ್ಲಿ ಅಲ್ಲಿ ಮರ ಕೊಯ್ಯುವ ಗಿರಣಿಯೊಂದು ಹುಟ್ಟಿತು. ಮುಂದೆ ತಲೆತಲಾಂತರದಿಂದ ಗಿರಣಿಯ ಸಂಬಳವೇ ಊರಿನ ಅನ್ನವಾಯಿತು. ೧೯೮೩ರಲ್ಲಿ ಗಿರಣಿ ಮುಚ್ಚಿತು. ಒಂದೇ ಉದ್ಯಮವನ್ನು ನಂಬಿದವರ ಪಾಡೇನೆಂಬುದನ್ನು ಮುಂಬಯಿಯ ಗಿರಣಗಾಂವನ್ನು ಕಂಡ ನಮಗೆ ಬೇರೆ ಹೇಳಬೇಕಾದುದಿಲ್ಲ.

ಆದರೆ ಆ ಊರಿನವರು ಕೈಕಟ್ಟಿ ಕುಳಿತಿರಲಿಲ್ಲ. ಜರ್ಮನಿಯಿಂದ ಬಂದು ಅಲ್ಲಿ ನೆಲೆಸಿದ್ದ ಕಾರ್ಲ್ ಶುಟ್ಸ್ ಎಂಬ ವ್ಯಾಪಾರಿಗಳು ರುಮೇನಿಯಾದ ಮಠಗಳ ಹೊರಗೋಡೆಗಳ ಚಿತ್ರಗಳನ್ನು ಕಂಡು ಬೆರಗಾಗಿದ್ದರು. ನಮ್ಮೂರಿನ ಚರಿತ್ರೆಯನ್ನೂ ಹೀಗೆಯೇ ಬರೆಯಿಸಬಾರದೇಕೆ ಎಂಬುದು ಅವರ ಪ್ರಶ್ನೆ. ಗಿರಣಿ ಮುಚ್ಚುವ ಮುನ್ನವೇ, ೧೯೮೨ರಲ್ಲಿ, ಪೇಟೆಯ ಗೋಡೆಗಳ ಮೇಲೆ ಮೊದಲ ಐದು ಚಿತ್ರಗಳು ಮೂಡಿದವು. ಇಂದು ಅವು ೪೦ಕ್ಕೂ ಹೆಚ್ಚು. ನೋಡಬಂದವರಿಂದ ಅಂಗಡಿಗಳು ಬಾಳಿದವು. ೧೯೯೩ರಲ್ಲಿ ರಂಗಮಂದಿರವೂ ತೆರೆಯಿತು.

ಲೆಕ್ಕದ ಪುಸ್ತಕ ಹಿಡಿದು ಬಾಳುವ ನಾನು ಒಂದು ಮಾತನ್ನು ಮುಚ್ಚಿಡಲಾರೆ. ೧೯೮೫ರಲ್ಲಿ ಗಿರಣಿ ಮತ್ತೆ ನಡೆಯತೊಡಗಿದಾಗ ಅದಕ್ಕೆ ಬೇಕಾದ ಆಳುಗಳು ಮೊದಲಿಗಿಂತ ಎಷ್ಟೋ ಕಡಮೆ. ಹೋದ ಕೆಲಸಗಳೆಲ್ಲವನ್ನೂ ಚಿತ್ರಗಳು ಮರಳಿ ತರಲಿಲ್ಲ. ಅವು ಉಳಿಸಿದ್ದು ಊರನ್ನು.

ಯಾರ ಊರನ್ನು? ಆ ಗೋಡೆಗಳಲ್ಲಿ ಚೀನೀಯನೊಬ್ಬನ ಅಂಗಡಿಯಿದೆ. ಊರಿನ ಬಾಲಚರ ದಳದಲ್ಲಿ ಸ್ಥಾನ ದೊರೆಯದೆ, ತಾನೇ ಓದಿ ಕಲಿತು ಜಪಾನೀ ಹುಡುಗರ ದಳವನ್ನು ಕಟ್ಟಿದ ಯೋಶಿಡಾ ಎಂಬ ತರುಣನಿದ್ದಾನೆ. ೧೯೪೨ರಲ್ಲಿ ಸರಕಾರವು ಆ ತೀರದ ಜಪಾನೀ ಕುಲದವರನ್ನೆಲ್ಲ ಒಕ್ಕಲೆಬ್ಬಿಸಿತು. ಅಂದು ಊರು ಬಿಡಿಸಿಕೊಂಡವರಿಗೆ ಇಂದು ಊರಿನ ಗೋಡೆಯ ಮೇಲೆ ಸ್ಥಳವಿದೆ!

ಶಮೇನಸ್ಸಿನ ಗೋಡೆಗೆ ಬಣ್ಣ ಬಿದ್ದ ೧೯೮೨ರಲ್ಲಿಯೇ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನಂತರ ಹಲವು ಗಿರಣಿಗಳು ಮುಚ್ಚಿ, ಆ ನೆಲದಲ್ಲಿ ಗಗನಚುಂಬಿ ಸೌಧಗಳೆದ್ದಿವೆ. ಈ ನಗರಕ್ಕೆ ಹೊಟ್ಟೆಪಾಡಿಗಾಗಿ ಬಂದು, ಹಗಲು ಹೊಟೇಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರು ಯಾವ ಗೋಡೆಯ ಮೇಲಿದ್ದಾರೆ?

ಗೋಡೆ ನಮ್ಮ ಕೈಯಲ್ಲಿಲ್ಲದಿರಬಹುದು, ಕಾಗದವಂತೂ ಇದೆ. ಈ ರಾಜ್ಯೋತ್ಸವದಂದು ಮನೆಯ ಹಿರಿಯರ ಬಳಿ ಒಂದು ಗಳಿಗೆ ಕುಳಿತು, ಅವರು ಬಂದ ದಾರಿಯನ್ನು ಕೇಳಿ ಬರೆದಿಡೋಣ. ಹೇಳುವವರು ಇರುವಾಗಲೇ ಕೇಳಬೇಕಲ್ಲವೆ?