ಮೈಲಿಯ ಮೀಟರು, ಮದ್ರಾಸಿನ ಗಾಡಿ

ನಮ್ಮ ಕೊಪ್ಪ, ಶೃಂಗೇರಿ ಕಡೆ ಹಿರಿಯರ ಬಾಯಲ್ಲಿ ದೂರಕ್ಕೆ ಇನ್ನೂ ಕೂಗಳತೆ, ಹರಿದಾರಿ ಎಂಬ ಮಾತುಗಳಿವೆ. ಅವುಗಳ ಮೇಲೆ ಬ್ರಿಟಿಷರ ಕಾಲದ ಮೈಲಿ ಬಂದು ಕೂತಿತು. ಆಮೇಲೆ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಚಾಲ್ತಿಗೆ ಬಂದು, ಅದರ ಬೆನ್ನಿಗೇ ಸೇರು ಕಿಲೋ ಆಯಿತು, ಗಜ ಮೀಟರಾಯಿತು, ಅಡಿಕೆ ಮಣದಿಂದ ಕ್ವಿಂಟಲಿಗೆ ಜಾರಿತು. 1960ರ ದಶಕದಲ್ಲಿ ರಸ್ತೆ ಬದಿಯ ಕಲ್ಲುಗಳೂ ಬದಲಾದವು. ಜಮೀನು ಮಾತ್ರ ಜಗ್ಗಲಿಲ್ಲ. ಇವತ್ತು ಪಹಣಿ ತೆಗೆಸಿದರೂ ಅದರಲ್ಲಿರುವುದು ಎಕರೆ, ಗುಂಟೆಯೇ.

ಮಾತೂ ಪೂರ್ತಿ ಬದಲಾಗಲಿಲ್ಲ. ಕಿಲೋಮೀಟರ್ ಬರೆದ ಕಲ್ಲನ್ನು ನಾವು ಮೈಲಿಗಲ್ಲು ಎಂದೇ ಕರೆಯುತ್ತೇವೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇವತ್ತಿಗೂ ಎಂಟನೇ ಮೈಲಿ ಎಂಬ ಬಸ್ ಸ್ಟಾಪಿದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ತಿಳಿಯಬೇಕಾದರೂ ಕೇಳುವುದು ‘ಮೈಲೇಜ್ ಎಷ್ಟು ಕೊಡುತ್ತೆ’ ಎಂದು. ಮಾತಿಗೆ ಈ ಸಡಿಲ ಸಾಧ್ಯ. ಹಲ್ಲುಚಕ್ರಗಳಿಗೆ ಸಾಧ್ಯವಿಲ್ಲ. ಹಳೆಯ ಮೋಟಾರ್ ಸೈಕಲ್ಲಿನ ಮೀಟರು ಒಂದೋ ಮೈಲಿ ಎಣಿಸುತ್ತದೆ, ಇಲ್ಲವೇ ಕಿಲೋಮೀಟರ್. ಮಲೆನಾಡಿನ ಮೋಟಾರು ರಸ್ತೆಗಳ ಚರಿತ್ರೆಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಹಳೇ ಗಾಡಿ ಕಂಡಾಗೆಲ್ಲ ಮೊದಲು ಮೀಟರನ್ನೇ ನೋಡುವ ಚಟ ಹತ್ತಿದ್ದು ಇದರಿಂದಲೇ.

ಈ ಚಟ ಕಳೆದ ಮಳೆಗಾಲದಲ್ಲಿ ಒಂದು ವ್ಯವಹಾರದ ಮಧ್ಯೆ ನನ್ನನ್ನು ತಂದು ನಿಲ್ಲಿಸಿತು. ಜಯಪುರದ ಹತ್ತಿರ ನನ್ನ ದೊಡ್ಡಮ್ಮನ ಮನೆಯ ಕೊಟ್ಟಿಗೆಯಲ್ಲಿ, ಅಡಿಕೆ ಹಾಳೆಯ ರಾಶಿಯ ಹಿಂದೆ, ಟಾರ್ಪಾಲು ಹೊದ್ದುಕೊಂಡು ಒಂದು 350 ಸಿಸಿ ಬುಲೆಟ್ ನಿಂತಿದೆ. ದೊಡ್ಡಪ್ಪ ಬದುಕಿದ್ದಷ್ಟು ದಿನ ಅದನ್ನು ‘ಲಂಡನ್ ಗಾಡಿ’ ಎಂದೇ ಹೇಳುತ್ತಿದ್ದರು. ಮನೆಯ ಹೆಂಚು ತೆಗೆಸಿ ಹೊಸ ಮಾಡು ಮಾಡಿಸಬೇಕು, ಅದಕ್ಕೆ ಗಾಡಿ ಮಾರುವುದು ಎಂದು ದೊಡ್ಡಮ್ಮ ತೀರ್ಮಾನ ಮಾಡಿದ್ದರು. ಬೆಂಗಳೂರಿನಿಂದ ಬಂದ ದಲ್ಲಾಳಿ ಮೀಟರಿನ ಗಾಜು ಒರೆಸಿ ನೋಡಿದ. ಸ್ಮಿತ್ಸ್ ಎಂಬ ಇಂಗ್ಲಿಷ್ ಕಂಪನಿಯ ಹೆಸರು, ಎಂ.ಪಿ.ಎಚ್. ಎಂಬ ಮೂರು ಅಕ್ಷರ, 31,460ಕ್ಕೆ ನಿಂತ ಅಂಕಿ. ‘ಅಮ್ಮಾ, ಮೈಲಿ ಮೀಟರ್ ಇದೆ, ಇದು ಇಂಪೋರ್ಟೆಡ್ಡೇ. ಆದರೆ ಕಸ್ಟಮ್ಸ್ ಕಾಗದ ಇಲ್ಲವಲ್ಲ, ಕಾಗದ ಇಲ್ಲದ ಗಾಡಿಗೆ ಇಷ್ಟೇ ಕೊಡಲಿಕ್ಕಾಗೋದು’ ಎಂದು ಅರ್ಧಕ್ಕೂ ಕಡಿಮೆ ಬೆಲೆ ಹೇಳಿದನಂತೆ. ಇದೇ ಮನುಷ್ಯ ಮುಂದೆ ಮಾರುವಾಗ ಇಂಪೋರ್ಟೆಡ್ ಎಂಬ ಅದೇ ಮಾತಿಗೆ ದುಪ್ಪಟ್ಟು ಕೇಳುತ್ತಾನೆ. ಮೈಲಿ ಎಂಬುದನ್ನು ಬಾಯಿಬಿಡದೆ 31 ಸಾವಿರ ಕಿಲೋಮೀಟರ್ ಮಾತ್ರ ಓಡಿದ ಗಾಡಿ ಎಂದೂ ಹೇಳಬಹುದು. ನಿಜವಾಗಿ ಅದು ಸುಮಾರು 50,630 ಕಿಲೋಮೀಟರ್. ಮೂಲಕ್ಕೆ ಮೈಲಿ, ಓಟಕ್ಕೆ ಕಿಲೋಮೀಟರ್!

ಮೈಲಿ ಇದ್ದರೆ ವಿಲಾಯತಿ, ಕಿಲೋಮೀಟರ್ ಇದ್ದರೆ ಸ್ವದೇಶಿ ಎಂಬ ಈ ಲೆಕ್ಕ ಹಳೇ ಗಾಡಿಯ ಪೇಟೆಯಲ್ಲಿ ಬಹಳ ಓಡುತ್ತದೆ. ಆದರೆ ಮೀಟರಿನ ಅಳತೆ ಹೇಳುವುದು ಗಾಡಿ ಹುಟ್ಟಿದ ಊರನ್ನಲ್ಲ. ಅದು ಯಾವ ರಸ್ತೆಯಲ್ಲಿ ಓಡಲಿ ಎಂದು ಕಾರ್ಖಾನೆ ಅಂದುಕೊಂಡಿತ್ತೋ ಆ ರಸ್ತೆಯನ್ನು.

ಬುಲೆಟ್ಟನ್ನೇ ತೆಗೆದುಕೊಳ್ಳಿ. ಮೊದಲ ಬುಲೆಟ್‌ಗಳು ಸೇನೆಯ ಬೇಡಿಕೆಯ ಮೇಲೆ ಇಂಗ್ಲೆಂಡಿನ ರೆಡಿಚ್ ಕಾರ್ಖಾನೆಯಿಂದ ಬಂದವು. 1955ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು. ಮೊದಮೊದಲು ರೆಡಿಚ್‌ನಿಂದ ಬಿಡಿಭಾಗ ತರಿಸಿ ಮದ್ರಾಸಿನಲ್ಲಿ ಜೋಡಿಸುತ್ತಿದ್ದರು. ಪೂರ್ತಿ ಇಲ್ಲೇ ತಯಾರಿಸುವ ಹಂತಕ್ಕೆ ಬರುವಷ್ಟರಲ್ಲಿ 1960ರ ದಶಕ ಬಂದಿತ್ತು. ಆ ನಡುವಿನ ವರ್ಷಗಳಲ್ಲಿ ಮದ್ರಾಸೂ ಮೈಲಿಯ ಊರು, ಕೊಪ್ಪವೂ ಮೈಲಿಯ ಊರು. ಮೈಲಿಯ ರಸ್ತೆಗೆ ಮೈಲಿಯ ಮೀಟರು ಇರುವುದರಲ್ಲಿ ಆಮದಿನ ಗುರುತೇನೂ ಇಲ್ಲ. ಇದಕ್ಕೆ ಉಲ್ಟಾ ಕತೆಯೂ ಉಂಟು. 1977ರಿಂದ ಮದ್ರಾಸಿನ ಬುಲೆಟ್‌ಗಳು ಬ್ರಿಟನ್ನಿಗೇ ರಫ್ತಾಗತೊಡಗಿದವು. ಆ ದೇಶ ಇಂದಿಗೂ ಮೈಲಿ ಬಿಟ್ಟಿಲ್ಲ. ಹೀಗಾಗಿ ಪಕ್ಕಾ ತಮಿಳುನಾಡಿನ ಗಾಡಿ ಲಂಡನ್ನಿನಲ್ಲಿ ಮೈಲಿ ಎಣಿಸುತ್ತ ಓಡಾಡಿತು.

ಇನ್ನು ನಮ್ಮ ಮೈಸೂರಿನ ಜಾವಾ. ಅದರ ತವರು ಚೆಕೊಸ್ಲೊವಾಕಿಯ; 1929ರಲ್ಲಿ ಪ್ರಾಗ್‌ನಲ್ಲಿ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ವಿನ್ಯಾಸ ಕೊಂಡು ಶುರುಮಾಡಿದ್ದು. ಯಾನೆಚೆಕ್‌ನ ‘ಜಾ’, ವಾಂಡರರ್‌ನ ‘ವಾ’. 1950ರ ದಶಕದಲ್ಲಿ ಮುಂಬಯಿಯ ಪಾರಸಿ ಇರಾನಿ ಕುಟುಂಬ ಇವನ್ನು ಆಮದು ಮಾಡಿ ಮಾರುತ್ತಿತ್ತು. ಸರಕಾರ ಆಮದಿನ ಬಾಗಿಲು ಬಿಗಿ ಮಾಡಿದ ಮೇಲೆ ಫಾರೂಕ್ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹಾಕಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಮುಂದೆ ಹೆಸರು ಯೆಜ್ಡಿ ಎಂದಾಗಿ, 1996ರವರೆಗೆ ಗಾಡಿ ಹೊರಬಂತು. ಮಲೆನಾಡಿನ ತೋಟದ ಮನೆಗಳಲ್ಲಿ ಈ ಗಾಡಿಯ ಎರಡು ಸೈಲೆನ್ಸರಿನ ಸದ್ದು ಕೇಳಿ ಬೆಳೆದವರು ಈಗ ಅಜ್ಜಂದಿರಾಗಿದ್ದಾರೆ. ಚೆಕ್ಕರ ದೇಶ ಮೊದಲಿನಿಂದಲೂ ಕಿಲೋಮೀಟರಿನದು. ಆದರೂ ಬ್ರಿಟನ್, ಅಮೆರಿಕಗಳಿಗೆ ಕಳಿಸುವ ಜಾವಾಗಳಿಗೆ ಮೈಲಿಯ ಡಯಲ್ ಹಾಕುತ್ತಿದ್ದರು. ಅಂದಮೇಲೆ ಕಿಲೋಮೀಟರ್ ತೋರಿಸುವ ಜಾವಾ ಪ್ರಾಗ್‌ನಿಂದ ಹಡಗಿನಲ್ಲಿ ಬಂದದ್ದಿರಬಹುದು. ಅದನ್ನು ಸ್ವದೇಶಿ ಎನ್ನಲು ಮೀಟರ್ ಸಾಲದು. ರಾಜದೂತ್‌ನ ಮೂಲವೂ ಪೋಲೆಂಡ್ ಎಂಬುದು ಎಷ್ಟು ಜನಕ್ಕೆ ಗೊತ್ತು?

ಯುದ್ಧದ ಮಾಲಿನ ದಾರಿಯೂ ಒಂದಿತ್ತು. ಎರಡನೇ ಮಹಾಯುದ್ಧಕ್ಕೆಂದು ಬಿಎಸ್‌ಎ ಕಂಪನಿ ತನ್ನ ಎಂ20 ಮಾದರಿ ಒಂದನ್ನೇ 1,26,000ದಷ್ಟು ತಯಾರಿಸಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಡಿಗಳು ಡಿಸ್ಪೋಸಲ್ ಮಾಲಾಗಿ ಹರಾಜಾದವು. ಇವು ನಿಜಕ್ಕೂ ಹೊರದೇಶದವು, ಆದರೆ ಮೊದಲ ಸವಾರ ಸಿಪಾಯಿ. ಅಂಥ ಗಾಡಿ ಅದೆಷ್ಟು ಕೈ, ಅದೆಷ್ಟು ಗ್ಯಾರೇಜು ದಾಟಿರುತ್ತದೆ ಎಂದರೆ ಅದರ ಮೈಮೇಲೆ ಮೊದಲಿನ ಮೀಟರೇ ಉಳಿದಿದೆ ಎಂದು ನಂಬುವುದು ಕಷ್ಟ.

ಮೀಟರ್ ಬದಲಾಯಿಸುವುದು ಸುಲಭವೇ. ಆದರೆ ಮುಖ ಮಾತ್ರ ಬದಲಾಯಿಸಿದರೆ ಸಿಕ್ಕಿಬೀಳುತ್ತಾರೆ. ಚಕ್ರದಿಂದ ಬರುವ ಕೇಬಲ್ ಒಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ, ಅದು ಲೋಹದ ಬಟ್ಟಲನ್ನು ಎಳೆದು ಮುಳ್ಳು ಏಳುತ್ತದೆ. ಜರ್ಮನಿಯ ಓಟೊ ಶುಲ್ಜ್ 1902ರಲ್ಲಿ ಪೇಟೆಂಟ್ ಮಾಡಿದ ಉಪಾಯ. ಅದೇ ಕೇಬಲ್ಲು ಹಲ್ಲುಚಕ್ರಗಳ ಮೂಲಕ ಅಂಕಿಗಳನ್ನೂ ಸರಿಸುತ್ತದೆ. ಸ್ಮಿತ್ಸ್ ಮೀಟರುಗಳ ಮುಖದ ಮೇಲೆ ಎಷ್ಟೋ ಸಲ 1600 ಎಂಬ ಸಣ್ಣ ಅಂಕಿ ಇರುತ್ತದೆ. ಕೇಬಲ್ 1600 ಸುತ್ತು ತಿರುಗಿದರೆ ಒಂದು ಮೈಲಿ ಎಂದರ್ಥ. ಕಿಲೋಮೀಟರಿಗೆ ಅದು ಹೆಚ್ಚುಕಡಿಮೆ 1000 ಸುತ್ತು. ಮೈಲಿಯ ಯಂತ್ರಕ್ಕೆ ಕಿಲೋಮೀಟರಿನ ಮುಖ ಅಂಟಿಸಿದವನ ಗಾಡಿ, ಗೊತ್ತಿರುವ ಹತ್ತು ಕಿಲೋಮೀಟರ್ ರಸ್ತೆಯಲ್ಲಿ ಆರನ್ನೇ ಎಣಿಸುತ್ತದೆ. ಕೇಬಲ್ ಗಟ್ಟಿಯಿದ್ದರೆ ಈ ಪರೀಕ್ಷೆ ಸಾಕು. ನಮ್ಮ ಮಳೆಗೆ ಅದು ತುಕ್ಕು ಹಿಡಿದು ತುಂಡಾಗುವುದೇ ಹೆಚ್ಚು, ಮತ್ತೆ ಹಾಕಿಸುವವರು ಕಡಿಮೆ. ಹಾಗಾಗಿ ದೊಡ್ಡಮ್ಮನ ಗಾಡಿಯ 31,460 ಕೂಡ ಓಡಿದ ಒಟ್ಟು ದೂರವಲ್ಲ, ಕೇಬಲ್ ತುಂಡಾದ ದಿನದವರೆಗಿನ ದೂರ.

ಈ ಸಾಕ್ಷಿ ನೆಚ್ಚುವ ಹಾಗಿಲ್ಲ ಎಂದಾಗ ನಾನು ಕೇಳಿದ್ದು ಆರ್‌ಸಿ ಪುಸ್ತಕ. ದೊಡ್ಡಮ್ಮ ಟ್ರಂಕಿನ ತಳದಿಂದ ತೆಗೆದುಕೊಟ್ಟರು. ಅಂಚು ಗೆದ್ದಲು ತಿಂದಿತ್ತು, ತಯಾರಕರ ಕಾಲಂ ಉಳಿದಿತ್ತು: ಎನ್‌ಫೀಲ್ಡ್ ಇಂಡಿಯಾ, ಮದ್ರಾಸ್, 1958. ಚಾಸಿ ನಂಬರು, ಇಂಜಿನ್ ನಂಬರು ಎರಡೂ ಪುಸ್ತಕಕ್ಕೆ ತಾಳೆಯಾದವು. ಕಸ್ಟಮ್ಸ್ ಕಾಗದದ ಪ್ರಶ್ನೆಯೇ ಬರುವುದಿಲ್ಲ.

‘ಎಂತದು ಮಾರಾಯ್ತಿ, ಹಂಗಾರೆ ನಿನ್ನ ದೊಡ್ಡಪ್ಪ ಇಷ್ಟು ವರ್ಷ ಸುಳ್ಳು ಹೇಳಿದ್ದಾ?’ ಎಂದರು. ಬೆಲೆ ಏರಿದ ಖುಷಿಗಿಂತ ಇದೇ ಅವರನ್ನು ಕಾಡಿತು.

‘ಸುಳ್ಳಲ್ಲ ದೊಡ್ಡಮ್ಮ. ಹಡಗಲ್ಲೇ ಬಂದಿದ್ದು. ಬಿಡಿಬಿಡಿಯಾಗಿ ಬಂದಿದ್ದು’ ಎಂದೆ.

ಅದು ಸಮಾಧಾನಕ್ಕೆ ಹೇಳಿದ್ದಲ್ಲ. ಇಂಗ್ಲೆಂಡಿನ ಭಾಗ, ಮದ್ರಾಸಿನ ಕೈ ಸೇರಿದ ಆ ಐದಾರು ವರ್ಷಗಳ ಗಾಡಿಗಳಿಗೆ ಆಮದು, ಸ್ವದೇಶಿ ಎಂಬ ಎರಡು ಪದಗಳಲ್ಲಿ ಯಾವುದೂ ಸರಿಯಾಗಿ ಕೂರುವುದಿಲ್ಲ. ಪೂರ್ತಿ ಇಂಗ್ಲೆಂಡಿನಲ್ಲೇ ಆದವುಗಳ ಜಾತಕವನ್ನು ಹುಡುಕಬಹುದು. ಅಲ್ಲಿನ ಕೆಲವು ಹಳೇ ಕಂಪನಿಗಳ ರವಾನೆ ಲೆಡ್ಜರುಗಳನ್ನು 1946ರಲ್ಲಿ ಹುಟ್ಟಿದ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಜೋಪಾನ ಮಾಡಿದೆ. ದಲ್ಲಾಳಿಗೆ ಆರ್‌ಸಿಯ ಫೋಟೋ ಕಳಿಸಿದ ಮೇಲೆ ಕಸ್ಟಮ್ಸ್ ಮಾತು ನಿಂತಿತು. ಅವನ ಹೊಸ ಬೆಲೆಗೂ ದೊಡ್ಡಮ್ಮ ಇನ್ನೂ ಹೂಂ ಅಂದಿಲ್ಲ.

ಈಗ ಹೊರದೇಶದಿಂದ ಬಳಸಿದ ಗಾಡಿ ತರಬೇಕಾದರೆ ನಮ್ಮ ಆಮದು ನೀತಿಯಲ್ಲಿ ಕೆಲವು ಷರತ್ತುಗಳಿವೆ. ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಮುಂದಿನ ದೀಪ ಎಡಬದಿಯ ಸಂಚಾರಕ್ಕೆ ಹೊಂದಬೇಕು, ಮೀಟರು ವೇಗವನ್ನು ಕಿಲೋಮೀಟರಿನಲ್ಲಿ ತೋರಿಸಬೇಕು. ಅಂದರೆ ಬ್ರಿಟನ್ನಿನಲ್ಲಿ ಓಡಿದ ಗಾಡಿ ಮೈಲಿಯನ್ನು ಅಲ್ಲೇ ಕಳಚಿಟ್ಟು ಬರಬೇಕು. ಈಚಿನ ಎಷ್ಟೋ ಡಿಜಿಟಲ್ ಮೀಟರುಗಳಲ್ಲಿ ಗುಂಡಿ ಒತ್ತಿದರೆ ಮೈಲಿ ಹೋಗಿ ಕಿಲೋಮೀಟರ್ ಬರುತ್ತದೆ. ಹಾಗೆ ಒತ್ತಿದ್ದು ಯಾವಾಗ, ಯಾವ ಊರಲ್ಲಿ ಎಂದು ಬರೆದಿಡಲು ಆರ್‌ಸಿಯಲ್ಲಿ ಕಾಲಂ ಇಲ್ಲ.