ಅಜಲು ಮತ್ತು ಆರೋಗ್ಯ: ಕೊರಗರ ಇತಿಹಾಸ ಕಲಿಸುವ ಪಾಠ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಹಿರಿಯರು ಶ್ರಾವಕ ಧರ್ಮದ ಅಂಗವೆಂದು ಎಣಿಸಿದರು. ಅನ್ನವು ಪ್ರಾಣವನ್ನು ಉಳಿಸತಕ್ಕದ್ದು ಎಂಬುದೇ ಇದರ ಅರ್ಥ. ಆದರೆ ನಮ್ಮ ತುಳುನಾಡಿನಲ್ಲಿಯೇ ಅನ್ನವನ್ನು ರೋಗ ದಾಟಿಸುವ ಸಾಧನವಾಗಿ ಬಳಸಿದ ಪದ್ಧತಿಯೊಂದು ಬಹುಕಾಲ ನಡೆದುಬಂತು. ಅದೇ ಅಜಲು. ಅಜ್ಜಾವರದಂತಹ ಗ್ರಾಮಗಳುಳ್ಳ ಸುಳ್ಯ, ಪುತ್ತೂರು ಸೀಮೆಯವರಾದ ನಮಗೆ ಇದು ದೂರದ ಕಥೆಯಲ್ಲ.

ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಗರು ಈ ನಾಡಿನ ಮೂಲನಿವಾಸಿಗಳು. ಮನೆಯಲ್ಲಿ ಗರ್ಭಿಣಿಗೋ ರೋಗಿಗೋ ಕೇಡು ತಟ್ಟದಿರಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದರು. ಕಂಬಳದ ಕೋಣಗಳಿಗೆ ಮುನ್ನ ಅವರನ್ನು ಕೆಸರುಗದ್ದೆಯಲ್ಲಿ ಓಡಿಸುತ್ತಿದ್ದರು. ಕಂಬಳ ನಡೆಸಿದ ಮನೆತನಗಳಲ್ಲಿ ಜೈನ ಬೀಡುಗಳೂ ಇದ್ದವೆಂಬುದನ್ನು ನಾವು ಮರೆಯಲಾಗದು. ಉಗುಳು ನೆಲಕ್ಕೆ ಬಿದ್ದರೆ ಮೈಲಿಗೆಯೆಂದು ಕೊರಗರಲ್ಲಿ ಒಂದು ಪಂಗಡದವರು ಕೊರಳಿಗೆ ಪಾತ್ರೆ ಕಟ್ಟಿಕೊಳ್ಳಬೇಕಾಗಿತ್ತೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ವಿಪರ್ಯಾಸವೆಂದರೆ, ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಹಸುಗೂಸನ್ನು ಕೊರಗ ಹೆಂಗಸಿನ ಕೈಗೊಪ್ಪಿಸಿ, ಆಕೆಯ ಹಾಲುಣಿಸಿ, ಮರಳಿ ಪಡೆಯುತ್ತಿದ್ದರೆಂದೂ ಅದೇ ಬರಹಗಳಲ್ಲಿದೆ. ಪ್ರಾಣ ಉಳಿಸಲು ಬೇಕಾದವಳು ಹೊಸ್ತಿಲು ದಾಟಲು ಬೇಡವಾದಳು!

ಆಗ ಈ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ವಸ್ತುಸಂಗ್ರಹಾಲಯವನ್ನು 1885ರಿಂದ 1908ರವರೆಗೆ ನೋಡಿಕೊಂಡ ಎಡ್ಗರ್ ಥರ್ಸ್ಟನ್ ವೈದ್ಯಶಾಸ್ತ್ರ ಓದಿದವರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಜನರ ತಲೆ, ಮೂಗುಗಳನ್ನು ಅಳೆದು, 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಕೊರಗರ ವಿವರವೂ ಇದೆ. ಮೂಗಿನ ಅಳತೆ ತಿಳಿದ ವಿದ್ಯೆಗೆ ಹೊಟ್ಟೆಯ ಹಸಿವನ್ನು ಅಳೆಯಬೇಕೆಂದು ತೋರಲಿಲ್ಲ.

ಇಂತಹ ದೃಷ್ಟಿದೋಷ ನಮ್ಮಲ್ಲಿ ಮಾತ್ರವಲ್ಲ. 1942ರಲ್ಲಿ ಕೆನಡಾದ ಉತ್ತರ ಮ್ಯಾನಿಟೋಬಾದಲ್ಲಿ ಮೂಲನಿವಾಸಿಗಳು ಉಪವಾಸದಿಂದ ಕೃಶರಾಗಿದ್ದುದನ್ನು ವೈದ್ಯರು ಕಂಡರು. ಆ ಜನಾಂಗದ ಹುಟ್ಟುಗುಣವೆಂದು ಹೇಳಲಾಗುತ್ತಿದ್ದ ಸೋಮಾರಿತನವು ವಾಸ್ತವವಾಗಿ ಅಪೌಷ್ಟಿಕತೆಯ ಫಲವಿರಬಹುದೆಂದೂ ಅರಿತರು. ಆದರೂ ಎಲ್ಲರಿಗೂ ಅನ್ನ ಒದಗಿಸುವ ಬದಲು, ಸುಮಾರು 300 ಮಂದಿಯಲ್ಲಿ 125 ಮಂದಿಗೆ ಮಾತ್ರ ವಿಟಮಿನ್ ಕೊಟ್ಟು, ಉಳಿದವರನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಮನುಷ್ಯನನ್ನು ಕೀಳೆಂದು ಮೊದಲೇ ನಿಶ್ಚಯಿಸಿದಲ್ಲಿ ಆರೋಗ್ಯ ಕಾರ್ಯವೂ ಹಿಂಸೆಯಾಗುತ್ತದೆ.

ನಮ್ಮಲ್ಲಿ ಬೇರೆ ದಾರಿ ತೋರಿದವರೂ ಇದ್ದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆ, ವಸತಿಗಳಿಗಾಗಿ ಬಹಿಷ್ಕಾರವನ್ನು ಸಹಿಸಿ ದುಡಿದರು. ಮುಂದೆ ಕೊರಗರೇ ಸಂಘಟಿತರಾಗಿ 1993ರಲ್ಲಿ ಮಂಗಳೂರಿನಲ್ಲಿ ಭೂಮಿಯ ಹಕ್ಕು ಕೇಳಿದರು. ಅವರು ಕೇಳಿದ್ದು ಮಾತ್ರೆಯನ್ನಲ್ಲ, ಮಣ್ಣನ್ನು. 1994ರ ಮಹಮ್ಮದ್ ಪೀರ್ ವರದಿಯೂ ಕುಟುಂಬಕ್ಕೆ 2.5 ಎಕರೆ ಭೂಮಿ ನೀಡಬೇಕೆಂದು ಶಿಫಾರಸು ಮಾಡಿತು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನ ಜಾರಿಗೆ ಬಂದು ಅರ್ಧ ಶತಮಾನವೇ ಕಳೆದ ಮೇಲೆ.

ಕರ್ನಾಟಕದಲ್ಲಿ ಕೊರಗರು ಮತ್ತು ಜೇನುಕುರುಬರನ್ನು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರ್ಕಾರ ಗುರುತಿಸಿದೆ. ಈ ವರ್ಗಕ್ಕೆ ಹಿಂದೆ ಇದ್ದ 'ಆದಿಮ' ಎಂಬ ವಿಶೇಷಣವನ್ನು 2006ರಲ್ಲಿ ಕೈಬಿಡಲಾಯಿತು. 2023ರಲ್ಲಿ ಇಂತಹ ಬುಡಕಟ್ಟುಗಳಿಗಾಗಿ ಆರಂಭವಾದ ಪಿಎಂ-ಜನಮನ್ ಯೋಜನೆಯಲ್ಲಿ ಮನೆ, ಕುಡಿಯುವ ನೀರು, ಸಂಚಾರಿ ಚಿಕಿತ್ಸಾಲಯಗಳು ಸೇರಿವೆ. ಇವು ಸ್ವಾಗತಾರ್ಹ. ಆದರೆ ಸೌಕರ್ಯ ತಲುಪಿಸುವವರ ಮನಸ್ಸಿನಲ್ಲಿ ಹಳೆಯ ಮೈಲಿಗೆಯ ಭಾವನೆ ಉಳಿದಿದ್ದರೆ ಪ್ರಯೋಜನವೇನು?

ಬಸದಿಗಳ ಆಡಳಿತ ಮಂಡಳಿಗಳು ಅನ್ನದಾನ, ಔಷಧದಾನಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಪಡೆಯುವವನನ್ನು ಅಂಗಳದಾಚೆ ನಿಲ್ಲಿಸಿ ಕೊಟ್ಟದ್ದು ದಾನವೆನಿಸದು. ಚಿಕಿತ್ಸಾ ಶಿಬಿರ ಏರ್ಪಡಿಸುವ ಮುನ್ನ ಕೊರಗ ಕುಟುಂಬಗಳ ಹಿರಿಯರನ್ನು ಕರೆದು, ಜೊತೆಯಲ್ಲಿ ಕುಳ್ಳಿರಿಸಿ, ಅವರಿಗೆ ಬೇಕಾದುದೇನೆಂದು ಕೇಳೋಣ. ಅವರ ಪಂಕ್ತಿಯಲ್ಲಿ ಕುಳಿತು ಉಣ್ಣೋಣ. ಅಭಯವಿಲ್ಲದ ಔಷಧ ಅರ್ಧ ದಾನವೇ ಸರಿ.