ರೋಲರ್ ಕೋಸ್ಟರಿಗೆ ಮುಪ್ಪು ಯಾವಾಗ?

2025ರ ಫೆಬ್ರುವರಿ 28ರ ಬೆಳಿಗ್ಗೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜಾಕ್ಸನ್ ಎಂಬಲ್ಲಿ ಸ್ಫೋಟಕಗಳನ್ನಿಟ್ಟು ಒಂದು ಉಕ್ಕಿನ ಗೋಪುರವನ್ನು ಕೆಡವಲಾಯಿತು. ಅದರ ಎತ್ತರ 456 ಅಡಿ, ಅಂದರೆ ದೆಹಲಿಯ ಕುತುಬ್ ಮಿನಾರಿನ ಸುಮಾರು ಎರಡು ಪಟ್ಟು. ‘ಕಿಂಗ್ಡಾ ಕಾ’ ಎಂಬುದು ಆ ರೋಲರ್ ಕೋಸ್ಟರಿನ ಹೆಸರು. 2005ರಲ್ಲಿ ತೆರೆದಾಗ ಜಗತ್ತಿನಲ್ಲೇ ಅತಿ ಎತ್ತರದ್ದೂ ಅತಿ ವೇಗದ್ದೂ ಅದೇ ಆಗಿತ್ತು. ಎತ್ತರದ ದಾಖಲೆಯನ್ನು ಉಳಿಸಿಕೊಂಡೇ ಅದು ನೆಲಕ್ಕೆ ಬಿತ್ತು. ಆಗ ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಅಲ್ಲಿಂದ ಒಂದೆರಡು ಗಂಟೆಯ ಹಾದಿ ನ್ಯೂಯಾರ್ಕಿನ ಕೋನಿ ಐಲೆಂಡ್. ಅಲ್ಲಿನ ಕಡಲ ದಂಡೆಯಲ್ಲಿ ‘ಸೈಕ್ಲೋನ್’ ಎಂಬ ಇನ್ನೊಂದು ರೋಲರ್ ಕೋಸ್ಟರ್ ಇದೆ. ಎತ್ತರ ಬರೀ 85 ಅಡಿ. ಅದು ಮೊದಲು ಓಡಿದ್ದು 1927ರ ಜೂನ್ 26ರಂದು. ಕಡಲಿನ ಉಪ್ಪುಗಾಳಿ, ಹಿಮ, ಮಳೆ ಎಲ್ಲವನ್ನೂ ತಿಂದು ಅದು ಇಂದಿಗೂ ಓಡುತ್ತಿದೆ. ನೂರರ ಹತ್ತಿರ ಬಂದ ಮುದುಕಿ ನಡೆದಾಡುತ್ತಿರುವಾಗ ಹತ್ತೊಂಬತ್ತರ ಜಟ್ಟಿ ಮಣ್ಣಾದದ್ದು ಹೇಗೆ? ಯಾವ ಕೋಸ್ಟರನ್ನು ಉಳಿಸಬೇಕು, ಯಾವುದನ್ನು ಕೆಡವಬೇಕು ಎಂದು ಮನರಂಜನಾ ಉದ್ಯಾನಗಳು ಲೆಕ್ಕ ಹಾಕುವಾಗ ಈ ಪ್ರಶ್ನೆ ಎದುರಾಗದೆ ಇರುವುದಿಲ್ಲ. ವಯಸ್ಸು ನೋಡಿ ತೀರ್ಮಾನಿಸುವುದು ಸುಲಭ. ಆದರೆ ಈ ಯಂತ್ರಗಳ ಚರಿತ್ರೆಯಲ್ಲಿ ವಯಸ್ಸಿನಷ್ಟು ದಾರಿ ತಪ್ಪಿಸುವ ಸಂಗತಿ ಇನ್ನೊಂದಿಲ್ಲ.

ರೋಲರ್ ಕೋಸ್ಟರಿನ ಮೂಲತತ್ತ್ವ ಬಹಳ ಸರಳ. ಬಂಡಿಗೆ ಎಂಜಿನ್ ಇಲ್ಲ. ಮೊದಲ ದಿಬ್ಬದ ನೆತ್ತಿಗೆ ಅದನ್ನು ಸರಪಳಿ ಎಳೆದೊಯ್ಯುತ್ತದೆ, ಮುಂದಿನದೆಲ್ಲ ಭೂಮಿಯ ಆಕರ್ಷಣೆಯ ಕೆಲಸ. ಲಮಾರ್ಕಸ್ ಥಾಮ್ಸನ್ ಎಂಬಾತ 1884ರಲ್ಲಿ ಇದೇ ಕೋನಿ ಐಲೆಂಡಿನಲ್ಲಿ ಐದು ಸೆಂಟಿನ ಟಿಕೆಟಿಗೆ ಜನರನ್ನು ಕೂರಿಸಿ ಓಡಿಸಿದ ಬಂಡಿಯ ವೇಗ ಗಂಟೆಗೆ ಆರು ಮೈಲಿ. ಇಂದಿನ ಲೆಕ್ಕದಲ್ಲಿ ಸೈಕಲ್ಲಿಗಿಂತ ನಿಧಾನ. ಈ ಆಟಿಕೆಯನ್ನು ನಿಜವಾದ ಯಂತ್ರವಾಗಿಸಿದವನು ಜಾನ್ ಮಿಲ್ಲರ್. ಸರಪಳಿ ಕಡಿದರೂ ಬಂಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಲ್ಲುಗಳು ಅವನ ಕಲ್ಪನೆ. ದಿಬ್ಬ ಹತ್ತುವಾಗ ಕೇಳುವ ಆ ಪ್ರಸಿದ್ಧ ‘ಕಟಕಟ’ ಸದ್ದು ಅವುಗಳದ್ದೇ. 1919ರಲ್ಲಿ ಅವನು ಇನ್ನೊಂದು ಪೇಟೆಂಟ್ ಪಡೆದ: ಹಳಿಯ ಅಡಿಯಿಂದ ಒತ್ತಿ ಹಿಡಿದು, ಬಂಡಿ ಹಳಿ ಬಿಟ್ಟು ಮೇಲೇಳದಂತೆ ತಡೆಯುವ ಗಾಲಿ. ಆ ಬಳಿಕವೇ ಕಡಿದಾದ ಇಳಿಜಾರುಗಳು ಸಾಧ್ಯವಾದವು. 1920ರ ದಶಕ ಈ ಕಸುಬಿನ ಸುವರ್ಣಕಾಲವಾಯಿತು. ಸೈಕ್ಲೋನ್ ಹುಟ್ಟಿದ್ದು ಆಗಲೇ.

ಸೈಕ್ಲೋನಿನ ಚೌಕಟ್ಟು ಉಕ್ಕಿನದು, ಹಳಿ ಮರದ್ದು. ಮರದ ಹಳಿ ಎಂದರೆ ಒಂದೇ ತೊಲೆ ಅಲ್ಲ. ಹಲಗೆಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಜೋಡಿಸಿ, ತಿರುವಿಗೆ ತಕ್ಕಂತೆ ಬಾಗಿಸಿ, ಮೊಳೆ ಬೋಲ್ಟುಗಳಿಂದ ಬಿಗಿದು, ಗಾಲಿ ಉರುಳುವ ಮೇಲ್ಮೈಗೆ ತೆಳುವಾದ ಉಕ್ಕಿನ ಪಟ್ಟಿ ಹೊಡೆದಿರುತ್ತಾರೆ. ಮರ ಒಣಗುತ್ತದೆ, ನೆನೆಯುತ್ತದೆ, ಹಿಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಆದ್ದರಿಂದ ಉದ್ಯಾನದ ಬಾಗಿಲು ತೆರೆಯುವ ಮುನ್ನ ಪ್ರತಿದಿನ ಕೆಲಸಗಾರರು ಹಳಿಯ ಮೇಲೆ ನಡೆದು ನೋಡಬೇಕು. ಸಡಿಲಾದದ್ದನ್ನು ಬಿಗಿಯಬೇಕು, ಕೊಳೆತ ಹಲಗೆ ಕಂಡರೆ ಕಿತ್ತು ಹೊಸದನ್ನು ಕೂರಿಸಬೇಕು, ಗ್ರೀಸ್ ಹಚ್ಚಬೇಕು. ಚಳಿಗಾಲದಲ್ಲಿ ಉದ್ಯಾನ ಮುಚ್ಚಿದಾಗ ದೊಡ್ಡ ದುರಸ್ತಿ ನಡೆಯುತ್ತದೆ. ಈ ವರ್ಷ ಒಂದು ತಿರುವಿನ ಹಳಿ, ಮುಂದಿನ ವರ್ಷ ಇನ್ನೊಂದು ಇಳಿಜಾರಿನದು. ನಮ್ಮ ಊರ ತೇರಿನ ಗಾಲಿ ಬದಲಾದರೂ ತೇರು ಹಳೆಯದೇ. ಸೈಕ್ಲೋನಿನ ವಯಸ್ಸೂ ಹಾಗೆಯೇ. ಅದರ ವಿನ್ಯಾಸಕ್ಕೆ ನೂರು ವರ್ಷವಾಗುತ್ತ ಬಂದಿದೆ, ಮೇಲೆ ಬಂಡಿ ಓಡುವ ಹಲಗೆಗಲ್ಲ. ಬೇಕಾದ ಮರ ಅಂಗಡಿಯಲ್ಲಿ ಸಿಗುತ್ತದೆ, ಬೇಕಾದ ಕೈ ಒಳ್ಳೆಯ ಬಡಗಿಯದು.

ಹಾಗೆಂದು ಸೈಕ್ಲೋನ್ ಎಂದೂ ಕೈಕೊಡದ ಯಂತ್ರವೇನಲ್ಲ. 2015ರ ಮಾರ್ಚಿನಲ್ಲಿ, ಆ ವರ್ಷದ ಹಂಗಾಮಿನ ಮೊದಲ ದಿನವೇ, ಬಂಡಿ ದಿಬ್ಬದ ನಡುವೆ ನಿಂತುಬಿಟ್ಟಿತು. ಕುಳಿತಿದ್ದವರು ಪಕ್ಕದ ಮೆಟ್ಟಿಲ ಹಾದಿಯಲ್ಲಿ ನಡೆದು ಇಳಿದರು. 2024ರ ಆಗಸ್ಟಿನಲ್ಲಿ ಮತ್ತೆ ನಿಂತಾಗ ಪರೀಕ್ಷಿಸಿದರೆ, ಸರಪಳಿಯನ್ನು ತಿರುಗಿಸುವ ಹಲ್ಲುಚಕ್ರಕ್ಕೆ ಪೆಟ್ಟಾಗಿತ್ತು. ನಗರದ ಅಧಿಕಾರಿಗಳು ಓಡಾಟ ನಿಲ್ಲಿಸಿದರು. ಚಕ್ರದ ದುರಸ್ತಿಯಾಯಿತು, ಬಂಡಿ ಮತ್ತೆ ಹೊರಟಿತು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಯಂತ್ರ ನಿಲ್ಲುವುದು ಬೇರೆ, ಅಪಘಾತವಾಗುವುದು ಬೇರೆ. ಏನಾದರೂ ಅನುಮಾನ ಬಂದರೆ ನಿಂತುಬಿಡುವಂತೆಯೇ ಈ ಯಂತ್ರಗಳನ್ನು ರೂಪಿಸಿರುತ್ತಾರೆ. ಪತ್ರಿಕೆಯಲ್ಲಿ ‘ಆಕಾಶದಲ್ಲಿ ಸಿಲುಕಿದ ಪ್ರಯಾಣಿಕರು’ ಎಂಬ ತಲೆಬರಹ ಕಂಡಾಗ, ಬಹುಪಾಲು ಸಂದರ್ಭಗಳಲ್ಲಿ ಯಂತ್ರ ತನ್ನ ಕರ್ತವ್ಯವನ್ನೇ ಮಾಡಿರುತ್ತದೆ.

ಸೈಕ್ಲೋನಿಗೆ ನಿಜವಾದ ಪ್ರಾಣಾಪಾಯ ಬಂದದ್ದು ಯಂತ್ರದಿಂದಲ್ಲ, ನೆಲದಿಂದ. 1970ರ ದಶಕದ ಆರಂಭಕ್ಕೆ ಕೋನಿ ಐಲೆಂಡ್ ಕಳೆಗುಂದಿತ್ತು. ಸೈಕ್ಲೋನಿನ ಜಾಗ ನಗರಾಡಳಿತದ ವಶದಲ್ಲಿತ್ತು. ಪಕ್ಕದ ಮತ್ಸ್ಯಾಲಯದ ವಿಸ್ತರಣೆಗಾಗಿ ಅದನ್ನು ಕೆಡವುವ ಯೋಜನೆ ಸಿದ್ಧವಾಯಿತು. ಜನ ಪ್ರತಿಭಟಿಸಿದರು. ಕೊನೆಗೆ ನೆರೆಯ ‘ಆಸ್ಟ್ರೋಲ್ಯಾಂಡ್’ ಉದ್ಯಾನದವರು ಗುತ್ತಿಗೆಗೆ ಪಡೆದು, ದುರಸ್ತಿ ಮಾಡಿಸಿ, 1975ರ ಜುಲೈಯಲ್ಲಿ ಮತ್ತೆ ಓಡಿಸಿದರು. 1988ರಲ್ಲಿ ನಗರ ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಕೆಡವಲು ಹೊರಟಿದ್ದ ನಗರವೇ ಕಾವಲು ನಿಂತಿತು ಎಂಬುದು ಇದರ ಸ್ವಾರಸ್ಯ.

ಅದೇ ಬೀಚಿನ ‘ಥಂಡರ್‌ಬೋಲ್ಟ್’ ಅಷ್ಟು ಪುಣ್ಯವಂತನಾಗಿರಲಿಲ್ಲ. ಜಾನ್ ಮಿಲ್ಲರ್ 1925ರಲ್ಲಿ ಕಟ್ಟಿದ ಈ ಕೋಸ್ಟರಿನ ಅಡಿಯಲ್ಲೇ ಒಂದು ಮನೆಯಿತ್ತು. ವುಡಿ ಅಲೆನ್ ಅವರ 1977ರ ‘ಆನಿ ಹಾಲ್’ ಚಿತ್ರ ನೋಡಿದವರಿಗೆ ಬಂಡಿ ಹೋದಾಗಲೆಲ್ಲ ನಡುಗುವ ಆ ಮನೆ ನೆನಪಿರಬಹುದು. 1982ರಲ್ಲಿ ಬಂಡಿ ನಿಂತಿತು. ನಿಂತ ಮೇಲೆ ಹಳಿಯ ಮೇಲೆ ನಡೆಯುವವರಿಲ್ಲ, ಹಲಗೆ ಬದಲಿಸುವವರಿಲ್ಲ. ಬಳ್ಳಿಗಳು ಹಬ್ಬಿದವು. 2000ದ ನವೆಂಬರಿನಲ್ಲಿ ನಗರಾಡಳಿತ ಅದನ್ನು ಕೆಡವಿಸಿತು. ಇದಕ್ಕೂ ಸೈಕ್ಲೋನಿಗೂ ವಯಸ್ಸಿನ ಅಂತರ ಎರಡೇ ವರ್ಷ. ಮರದ ಕೋಸ್ಟರ್ ಓಡುತ್ತಿರುವಷ್ಟು ದಿನ ಬದುಕುತ್ತದೆ, ನಿಂತರೆ ಸಾಯುತ್ತದೆ. ಜನ ವಾಸವಿಲ್ಲದ ಹೆಂಚಿನ ಮನೆಯ ಗತಿಯೂ ಇದೇ ತಾನೆ?

ಈಗ ಕಿಂಗ್ಡಾ ಕಾ ಕಡೆಗೆ ಬರೋಣ. ಅಲ್ಲಿ ಸರಪಳಿಯ ದಿಬ್ಬವೇ ಇರಲಿಲ್ಲ. ಒತ್ತಡದಲ್ಲಿಟ್ಟ ಎಣ್ಣೆಯನ್ನು ಒಮ್ಮೆಗೇ ಬಿಟ್ಟು ಒಂದು ಭಾರೀ ಉರುಳೆಯನ್ನು ತಿರುಗಿಸಿ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗದಿಂದ ಬಂಡಿಯನ್ನು ಎಳೆದು ಎಸೆಯುತ್ತಿದ್ದರು. ಕೇವಲ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ! ಕವಣೆಯಿಂದ ಕಲ್ಲು ಬೀಸಿದಂತೆ. ಗಾಳಿ ಜೋರಾಗಿದ್ದರೆ, ಗಾಲಿಗಳು ತಣ್ಣಗಿದ್ದರೆ, ಬಂಡಿ ನೆತ್ತಿಯನ್ನು ಮುಟ್ಟದೆ ಹಿಂದಕ್ಕೆ ಜಾರಿ ಬರುತ್ತಿದ್ದುದೂ ಉಂಟು. ಅದಕ್ಕೆ ಬೇಕಾದ ತಡೆಗಳನ್ನು ಮೊದಲೇ ಇಟ್ಟಿದ್ದರು. ಸಾಹಸವೇನೋ ಅದ್ಭುತ. ಆದರೆ ಪ್ರತಿ ಎಸೆತದಲ್ಲೂ ಹಗ್ಗ, ಉರುಳೆ, ಎಣ್ಣೆಯ ಕೊಳವೆ, ಮುಚ್ಚಳಗಳ ಮೇಲೆ ಬೀಳುವ ಹೊಡೆತ ಸಾಮಾನ್ಯವಲ್ಲ. ತೆರೆದ ಮೊದಲ ತಿಂಗಳಲ್ಲೇ ಎಳೆಯುವ ಹಗ್ಗದ ಹಾದಿಯಲ್ಲಿ ಒಂದು ಬೋಲ್ಟು ಕೈಕೊಟ್ಟು, ಯಂತ್ರ ಸುಮಾರು ಎರಡು ತಿಂಗಳು ನಿಂತಿತು. 2009ರಲ್ಲಿ ಸಿಡಿಲು ಬಡಿದು ಮತ್ತೆ ತಿಂಗಳುಗಟ್ಟಲೆ ಮೌನ. ಇಂಥ ಯಂತ್ರವನ್ನು ಬಡಗಿ ರಿಪೇರಿ ಮಾಡಲಾರ. ಅದರ ಬಿಡಿಭಾಗ ಪೇಟೆಯಲ್ಲಿ ಸಿಗುವುದಿಲ್ಲ. 2024ರ ನವೆಂಬರ್ 10ರಂದು ಅದು ಕೊನೆಯ ಬಾರಿ ಓಡಿತು. ಕೆಲವೇ ದಿನಗಳಲ್ಲಿ ‘ನಿವೃತ್ತಿ’ಯ ಪ್ರಕಟಣೆ ಹೊರಬಿತ್ತು. ಓಡುತ್ತಿದ್ದ ಕಾಲದಲ್ಲೇ ಜನರಿಗೆ ಬೀಳ್ಕೊಡುವ ಅವಕಾಶ ಕೊಡಬಹುದಿತ್ತು.

ಅದರ ಅಣ್ಣನ ಕಥೆ ಇನ್ನೂ ಗಂಭೀರ. ಓಹಾಯೋ ರಾಜ್ಯದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ 2003ರಲ್ಲಿ ತೆರೆದ ‘ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್’ ಇದೇ ಎಣ್ಣೆಯೊತ್ತಡದ ಬಗೆಯದು. ಎತ್ತರ 420 ಅಡಿ. 2021ರ ಆಗಸ್ಟಿನಲ್ಲಿ ಬಂಡಿಯ ಒಂದು ಲೋಹದ ತುಂಡು ಕಳಚಿ, ಸರದಿಯಲ್ಲಿ ನಿಂತಿದ್ದ ಮಹಿಳೆಯೊಬ್ಬರಿಗೆ ಬಡಿದು ತೀವ್ರ ಗಾಯವಾಯಿತು. ಮರುವರ್ಷ ಅದಕ್ಕೂ ನಿವೃತ್ತಿ ಘೋಷಿಸಿದರು. ಆದರೆ ಗೋಪುರವನ್ನು ಉಳಿಸಿಕೊಂಡು, ಎಣ್ಣೆಯ ಬದಲು ಅಯಸ್ಕಾಂತದ ಬಲದಿಂದ ಬಂಡಿಯನ್ನು ನೂಕುವ ವ್ಯವಸ್ಥೆ ಮಾಡಿ, 2024ರ ಮೇ ತಿಂಗಳಲ್ಲಿ ‘ಟಾಪ್ ಥ್ರಿಲ್ 2’ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಒಂದು ವಾರದ ಸುಮಾರಿಗೆ ಹೊಸ ಬಂಡಿಗಳ ಗಾಲಿಯ ತೊಂದರೆ ಕಾಣಿಸಿಕೊಂಡಿತು. ಆ ವರ್ಷವಿಡೀ ಮುಚ್ಚಿದ್ದು, 2025ರಲ್ಲಿ ಮತ್ತೆ ಓಡಿತು. ಆ ಹೊಸ ಬಂಡಿಗಳನ್ನು ಮಾಡಿದ್ದು ಇಟಲಿಯ ಜಾಂಪೆರ್ಲಾ ಕಂಪನಿ. ಕೋನಿ ಐಲೆಂಡಿನ ಲೂನಾ ಪಾರ್ಕ್ ಹಾಗೂ ಸೈಕ್ಲೋನನ್ನು ನಡೆಸುತ್ತಿರುವುದೂ ಇದೇ ಕಂಪನಿಯ ಅಂಗಸಂಸ್ಥೆ. ಮುದುಕಿಯನ್ನು ಸಾಕುವುದು ಸುಲಭವೋ ಪ್ರಾಯದವನನ್ನು ಸಾಕುವುದು ಸುಲಭವೋ ಎಂದು ಅವರನ್ನೇ ಕೇಳಬೇಕು.

ಉಕ್ಕು ಕೊಳೆಯುವುದಿಲ್ಲ, ಆದರೆ ದಣಿಯುತ್ತದೆ. ಒಂದೇ ಜಾಗದಲ್ಲಿ ಲಕ್ಷಾಂತರ ಬಾರಿ ಭಾರ ಬಿದ್ದು ಎದ್ದರೆ ಬೆಸುಗೆಯ ಬಳಿ ಕೂದಲೆಳೆಯಂಥ ಬಿರುಕು ಹುಟ್ಟಿಕೊಳ್ಳುತ್ತದೆ. ಮರದ ಹಲಗೆ ಕಿರುಗುಟ್ಟಿ ಹೇಳುವುದನ್ನು ಉಕ್ಕು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಬಣ್ಣದ ದ್ರಾವಣ ಹಚ್ಚಿ, ಶ್ರವಣಾತೀತ ಅಲೆಗಳನ್ನು ಹಾಯಿಸಿ ಹುಡುಕಬೇಕು. ಹುಡುಕಿದರೂ ತಪ್ಪಿಹೋಗಬಹುದು. ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿರುವ ಕ್ಯಾರೊವಿಂಡ್ಸ್ ಉದ್ಯಾನದ ‘ಫ್ಯೂರಿ 325’ ತೆರೆದದ್ದು 2015ರಲ್ಲಿ. 2023ರ ಜೂನ್ ಕೊನೆಯಲ್ಲಿ ಅದರ ಒಂದು ಕಂಬ ಪೂರ್ತಿ ಸೀಳಿಹೋಗಿ, ಬಂಡಿ ಹಾದಾಗಲೆಲ್ಲ ಅಲುಗುತ್ತಿದ್ದುದನ್ನು ಮೊದಲು ಕಂಡು ಹೇಳಿದವರು ಉದ್ಯಾನ ನೋಡಲು ಬಂದಿದ್ದ ಒಬ್ಬರು! ಕಂಬ ಬದಲಿಸಿ ಆಗಸ್ಟಿನಲ್ಲಿ ಮತ್ತೆ ತೆರೆದರು. ಅದಕ್ಕೆ ಆಗ ವಯಸ್ಸು ಎಂಟು.

ಉಕ್ಕಿನ ಕೋಸ್ಟರಿಗೆ ಇನ್ನೊಂದು ಬಗೆಯ ಅನಾಥತನವೂ ಉಂಟು. 1959ರಲ್ಲಿ ಡಿಸ್ನಿಲ್ಯಾಂಡಿಗೆ ಕೊಳವೆಯಾಕಾರದ ಉಕ್ಕಿನ ಹಳಿ ಮಾಡಿಕೊಟ್ಟು ಹೊಸ ಯುಗವನ್ನೇ ಆರಂಭಿಸಿದ ಆ್ಯರೋ ಕಂಪನಿ 2001ರ ಕೊನೆಯಲ್ಲಿ ದಿವಾಳಿಯಾಯಿತು. ಅದು 1987ರಲ್ಲಿ ಓಹಾಯೋದ ಕಿಂಗ್ಸ್ ಐಲೆಂಡ್ ಉದ್ಯಾನಕ್ಕೆ ಕಟ್ಟಿಕೊಟ್ಟ ‘ವೋರ್ಟೆಕ್ಸ್’ ಪ್ರಯಾಣಿಕರನ್ನು ಆರು ಬಾರಿ ತಲೆಕೆಳಗು ಮಾಡುತ್ತಿತ್ತು. ಆಯುಷ್ಯ ಮುಗಿಯಿತೆಂದು 2019ರಲ್ಲಿ ಅದನ್ನು ನಿಲ್ಲಿಸಿದರು. ಮುಂದೆ ಯಾವುದರ ಸರದಿ ಎಂದು ಕೇಳುವವರು ತಯಾರಕರಿಲ್ಲದ ಇಂಥ ಉಕ್ಕಿನ ಕೋಸ್ಟರುಗಳನ್ನೂ, 2000ದ ದಶಕದ ಎಣ್ಣೆಯೊತ್ತಡದ ಕವಣೆಗಳನ್ನೂ ಮೊದಲು ನೋಡುವುದು ಒಳ್ಳೆಯದು.

ಮರವಾದರೆ ಸಾಕು, ಎಲ್ಲವೂ ಸರಿ ಎಂಬ ತೀರ್ಮಾನಕ್ಕೂ ಬರುವಂತಿಲ್ಲ. ಅದೇ ಕಿಂಗ್ಸ್ ಐಲೆಂಡಿನಲ್ಲಿ 1979ರ ‘ಬೀಸ್ಟ್’ ಎಂಬ ಮರದ ಕೋಸ್ಟರ್ ಇಂದಿಗೂ ಓಡುತ್ತಿದೆ. ಅದರ ಕೀರ್ತಿಯ ಬಲದ ಮೇಲೆ 2000ದಲ್ಲಿ ‘ಸನ್ ಆಫ್ ಬೀಸ್ಟ್’ ಕಟ್ಟಿದರು. 218 ಅಡಿ ಎತ್ತರ, ಸಾಲದ್ದಕ್ಕೆ ನಡುವೆ ತಲೆಕೆಳಗಾಗಿಸುವ ಸುತ್ತು. ಮರ ಹೊರಲಾರದ್ದನ್ನು ಮರದ ಮೇಲೆ ಹೇರಿದರು. 2006ರ ಜುಲೈಯಲ್ಲಿ ಒಂದು ತೊಲೆ ಸೋತು 27 ಮಂದಿ ಆಸ್ಪತ್ರೆ ಸೇರಿದರು. ಆ ಸುತ್ತನ್ನು ತೆಗೆದರೂ ಪ್ರಯೋಜನವಾಗಲಿಲ್ಲ. 2009ರಲ್ಲಿ ನಿಂತ ಮಗ 2012ರಲ್ಲಿ ನೆಲಸಮನಾದ, ತಂದೆ ಗಟ್ಟಿಯಾಗಿದ್ದಾನೆ. ಇನ್ನು ಉಪೇಕ್ಷೆಯ ಫಲವೇನೆಂಬುದಕ್ಕೆ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದ ‘ಬಿಗ್ ಡಿಪ್ಪರ್’ ಸಾಕ್ಷಿ. 1972ರ ಮೇ 30ರಂದು, ಮೇಲಕ್ಕೆ ಎಳೆಯುತ್ತಿದ್ದ ಹಗ್ಗದಿಂದ ಬಂಡಿ ಬಿಡಿಸಿಕೊಂಡಿತು. ಹಿಂದಕ್ಕೆ ಜಾರದಂತೆ ಹಿಡಿಯಬೇಕಾದ ತಡೆ ಹಿಡಿಯಲಿಲ್ಲ. ಐವರು ಮಕ್ಕಳು ಸತ್ತರು. ಮಿಲ್ಲರ್ ಅರವತ್ತು ವರ್ಷಗಳ ಹಿಂದೆಯೇ ಪರಿಹಾರ ಕಂಡುಹಿಡಿದಿದ್ದ ಅಪಾಯವದು.

ಆ ಮಿಲ್ಲರನ ಕೈಯ ಇನ್ನೊಂದು ಕೆಲಸದ ಕಥೆ ಈಚೆಗೆ ಮತ್ತೊಂದು ತಿರುವು ಕಂಡಿತು. ಬಾಸ್ಟನ್ ಬಳಿಯ ಪ್ಯಾರಗನ್ ಪಾರ್ಕಿನಲ್ಲಿ 1917ರಲ್ಲಿ ಎದ್ದ ‘ಜೈಂಟ್ ಕೋಸ್ಟರ್’ ಬೆಂಕಿಗೆ ಸಿಕ್ಕಿಯೂ ಮತ್ತೆ ಮತ್ತೆ ಎದ್ದು ನಿಂತಿತ್ತು. 1984ರಲ್ಲಿ ಆ ಉದ್ಯಾನ ಮುಚ್ಚಿತು. ಮೇರಿಲ್ಯಾಂಡಿನ ಉದ್ಯಾನವೊಂದು ಅದನ್ನು ಹರಾಜಿನಲ್ಲಿ ಕೊಂಡು, ನೂರಾರು ಮೈಲಿ ದೂರದಲ್ಲಿ ಹೊಸದಾಗಿ ನಿಲ್ಲಿಸಿ, 1986ರಲ್ಲಿ ‘ವೈಲ್ಡ್ ಒನ್’ ಎಂಬ ಹೆಸರಿನಲ್ಲಿ ಓಡಿಸಿತು. ಮುಂದೆ ಆ ಉದ್ಯಾನ ‘ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ’ ಆಯಿತು. ಕಿಂಗ್ಡಾ ಕಾ ಕೆಡವಿದ ಅದೇ ಕಂಪನಿ 2025ರ ಮೇ ತಿಂಗಳಲ್ಲಿ ಈ ಉದ್ಯಾನವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ನವೆಂಬರ್ 2ರಂದು ವೈಲ್ಡ್ ಒನ್ ಅಲ್ಲಿ ಕೊನೆಯ ಬಾರಿ ಓಡಿತು. ಆಗ ಅದರ ವಯಸ್ಸು 108, ಕಂಪನಿ ಮಾರಲು ಹೊರಟಿದ್ದ ನೆಲ ಸುಮಾರು 500 ಎಕರೆ.